ಅನ್ನವಿಕ್ಕಿದವರ ಹೊಣೆ

ಈ ನಾಡಿನ ಗೃಹಸ್ಥರ ಮನೆಗಳಲ್ಲಿ ನಾಯಿಗೆಂದು ಒಂದು ತುತ್ತು ತೆಗೆದಿಡುವ ರೂಢಿ ಬಹು ಹಳೆಯದು. ಪ್ರಸಾದವನ್ನು ಒಂದು ಅಗುಳೂ ಉಳಿಸದೆ ಸ್ವೀಕರಿಸಬೇಕೆಂಬ ನಿಯಮವುಳ್ಳ ಭಕ್ತರ ಮನೆಗಳಲ್ಲಿ ಎಂಜಲು ನಾಯಿಗೆ ಹೋಗುವ ಮಾತೇ ಇಲ್ಲವಾದುದರಿಂದ, ಅಲ್ಲಿ ಅದಕ್ಕೆಂದೇ ಒಂದು ರೊಟ್ಟಿಯನ್ನು ಬೇರೆಯಾಗಿ ತಟ್ಟುವುದುಂಟು. ಸಂಜೆಯ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಬಾಲವಾಡಿಸುತ್ತ ನಿಲ್ಲುವ ಪ್ರಾಣಿಗೆ ಮನೆಯ ಹಿರಿಯಳು ಆ ರೊಟ್ಟಿಯನ್ನು ಮುರಿದು ಹಾಕುತ್ತಾಳೆ. ಇದನ್ನು ಆಕೆ ದಾನವೆಂದು ಎಣಿಸುವುದಿಲ್ಲ, ಪುಣ್ಯದ ಲೆಕ್ಕದಲ್ಲಿಯೂ ಬರೆದುಕೊಳ್ಳುವುದಿಲ್ಲ. ಹಸಿದ ಜೀವ ಬಾಗಿಲಿಗೆ ಬಂದಿದೆ, ಮನೆಯಲ್ಲಿ ರೊಟ್ಟಿಯಿದೆ, ಅಷ್ಟೆ.

ಹೀಗಿರಲು, ಅದೇ ನಾಯಿ ಒಂದು ದಿನ ಶಾಲೆಗೆ ಹೊರಟ ಮಗುವನ್ನು ಕಚ್ಚಿತೆನ್ನೋಣ. ಆಗ "ಇದು ಯಾರ ನಾಯಿ?" ಎಂಬ ಪ್ರಶ್ನೆಗೆ ಆ ಕೇರಿಯಲ್ಲಿ ಉತ್ತರ ಕೊಡುವವರೇ ಇರುವುದಿಲ್ಲ. ನಿನ್ನೆಯವರೆಗೆ ಐದಾರು ಮನೆಗಳ ರೊಟ್ಟಿ ತಿಂದು ಬೆಳೆದ ಪ್ರಾಣಿ ಒಮ್ಮೆಲೇ ಯಾರಿಗೂ ಸೇರದ್ದಾಗಿಬಿಡುತ್ತದೆ. ತುತ್ತು ಹಾಕುವಾಗ ಕೇರಿಯದಾಗಿದ್ದುದು ಕಚ್ಚಿದ ಮೇಲೆ ಬೀದಿಯದಾಗುತ್ತದೆ. ಇದರಲ್ಲಿ ಯಾರೊಬ್ಬರ ಕಪಟವೂ ಇದೆಯೆನ್ನಲಾಗದು. ಅನ್ನ ಹಾಕಿದ ಮಾತ್ರಕ್ಕೆ ಆ ಜೀವಿಯ ಇತರ ವಿಷಯಗಳೂ ತಮಗೆ ಅಂಟಿಕೊಳ್ಳುತ್ತವೆಯೆಂಬ ಯೋಚನೆ ಯಾರಿಗೂ ಬಂದಿರುವುದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ: ಹಸಿವನ್ನು ತಣಿಸಿದಲ್ಲಿಗೆ ದಯೆ ಮುಗಿಯಿತೆ? ದಯೆ ತೋರಿದವರಿಗೆ ಆ ದಯೆಯಿಂದ ಬದುಕಿದ ಜೀವಿಯ ಆರೋಗ್ಯದ ವಿಷಯದಲ್ಲಿ, ಅದರಿಂದ ಮತ್ತೊಬ್ಬರಿಗೆ ಒದಗಬಹುದಾದ ಕೇಡಿನ ವಿಷಯದಲ್ಲಿ ಹೊಣೆಯುಂಟೆ, ಇಲ್ಲವೆ?

ಪ್ರಶ್ನೆ ಬರಿಯ ತರ್ಕದ್ದಾಗಿದ್ದರೆ ಪಂಡಿತರ ಗೋಷ್ಠಿಗೆ ಬಿಡಬಹುದಾಗಿತ್ತು. ಆದರೆ ಹುಚ್ಚುನಾಯಿ ರೋಗವೆಂದು ಜನ ಕರೆಯುವ ರೇಬಿಸ್ ರೋಗದಿಂದ ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ಅಂದಾಜು. ಮನುಷ್ಯರಿಗೆ ಬರುವ ಈ ರೋಗದ ನೂರು ಪ್ರಸಂಗಗಳಲ್ಲಿ ತೊಂಬತ್ತೊಂಬತ್ತರವರೆಗೆ ನಾಯಿಯ ಮೂಲಕವೇ ಬಂದವು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಭಾರತದ ಮಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದ ಸಂಖ್ಯೆ ವರ್ಷಕ್ಕೆ 18,000 ದಿಂದ 20,000. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ಇತ್ತೀಚೆಗೆ ಮನೆಮನೆಗೆ ಹೋಗಿ ವಿಚಾರಿಸಿ ಮಾಡಿದ ಅಂದಾಜು ಸುಮಾರು 5,700. ಒಂದೇ ರೋಗದ ಎರಡು ಲೆಕ್ಕಗಳ ನಡುವೆ ಸಾವಿರಾರು ಜೀವಗಳ ಅಂತರ! ಸಾವು ಕಡಮೆಯಾಗಿರುವುದು ನಿಜವಿರಬಹುದು. ಆದರೆ ಹಳ್ಳಿಯ ಗುಡಿಸಲಿನಲ್ಲಿ ಸತ್ತವರನ್ನು ಯಾರೂ ಸರಿಯಾಗಿ ಎಣಿಸುತ್ತಿರಲಿಲ್ಲವೆಂಬುದೂ ನಿಜವೇ. ಕರ್ನಾಟಕದಲ್ಲಿ ಮನುಷ್ಯರಿಗೆ ಬಂದ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ಸರ್ಕಾರ ಸಾರಿದುದು 2022 ರಲ್ಲಿ. ಅದಕ್ಕೆ ಮೊದಲು ಇಂಥ ಸಾವನ್ನು ಬರೆದುಕೊಳ್ಳುವುದು ಬರೆಯುವವರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು.

ಈ ರೋಗ ಬರುವ ಬಗೆಯನ್ನು ತುಸು ವಿವರವಾಗಿ ಅರಿಯುವುದು ಅವಶ್ಯ. ಏಕೆಂದರೆ ಇದನ್ನು ತಡೆಯಲು ದೊರೆಯುವ ಅವಕಾಶ ಆ ಬಗೆಯಲ್ಲಿಯೇ ಅಡಗಿದೆ. ರೋಗಾಣು ಇರುವುದು ಪ್ರಾಣಿಯ ಜೊಲ್ಲಿನಲ್ಲಿ. ಕಡಿತದಿಂದಲೋ, ಇದ್ದ ಗಾಯವನ್ನು ನೆಕ್ಕಿದುದರಿಂದಲೋ ಅದು ಮಾಂಸಕ್ಕಿಳಿಯುತ್ತದೆ. ರಕ್ತದ ದಾರಿಯನ್ನು ಹಿಡಿಯದೆ ನರದ ದಾರಿಯನ್ನು ಹಿಡಿದು ಮೆಲ್ಲಮೆಲ್ಲನೆ ಮಿದುಳಿನ ಕಡೆಗೆ ಏರುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ; ಕೆಲವೊಮ್ಮೆ ವಾರದೊಳಗೇ ಮುಗಿಯಬಹುದು, ಕೆಲವೊಮ್ಮೆ ವರ್ಷ ದಾಟಬಹುದು. ಕಚ್ಚಿದ ಜಾಗ ಮುಖಕ್ಕೆ, ಕುತ್ತಿಗೆಗೆ ಹತ್ತಿರವಾದಷ್ಟೂ ದಾರಿ ಗಿಡ್ಡ. ಎತ್ತರದಲ್ಲಿ ನಾಯಿಯ ಬಾಯಿಗೆ ಸಮನಾಗಿರುವ ಎಳೆಯ ಮಕ್ಕಳ ವಿಷಯದಲ್ಲಿ ಅಪಾಯ ಹೆಚ್ಚೆಂಬುದು ಇದರಿಂದಲೇ ತಿಳಿಯುತ್ತದೆ. ರೋಗಾಣು ಮಿದುಳನ್ನು ಮುಟ್ಟಿ ಲಕ್ಷಣಗಳು ತೋರಿದ ಮೇಲೆ ಬದುಕಿದವರು ಇಡೀ ಲೋಕದಲ್ಲಿ ಬೆರಳೆಣಿಕೆಯಷ್ಟು. ಬಾಯಾರಿಕೆಯಿಂದ ಕಂಗೆಟ್ಟಿದ್ದರೂ ನೀರಿನ ಲೋಟವನ್ನು ತುಟಿಯ ಹತ್ತಿರ ತಂದೊಡನೆ ಗಂಟಲು ಬಿಗಿದು ಮೈಯೆಲ್ಲ ನಡುಗುತ್ತದೆ. ನಡುನಡುವೆ ಬುದ್ಧಿ ಸ್ಪಷ್ಟವಾಗಿರುತ್ತದೆ. ತನಗೆ ಏನಾಗುತ್ತಿದೆಯೆಂದು ರೋಗಿಗೆ ತಿಳಿಯುತ್ತಿರುತ್ತದೆ. ಹೆತ್ತವರಿಗೆ ನೋಡುತ್ತ ನಿಲ್ಲುವುದರ ಹೊರತು ಬೇರೆ ಮಾಡುವುದೇನೂ ಇರುವುದಿಲ್ಲ.

ಇಷ್ಟು ಕ್ರೂರವಾದ ಈ ರೋಗವನ್ನು ಮಿದುಳಿಗೆ ಏರುವ ಮೊದಲೇ ತಡೆಯುವುದು ಮಾತ್ರ ಬಹು ಸುಲಭ. ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಮೊದಲನೆಯ ಕೆಲಸ. ರೋಗಾಣುವಿನ ಹೊರಗವಚ ಕೊಬ್ಬಿನದಾದುದರಿಂದ ಸಾಬೂನು ಅದನ್ನು ಕರಗಿಸುತ್ತದೆ. ಅನಂತರ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಕೊಡುವ ಪ್ರತಿವಿಷದ ಚುಚ್ಚುಮದ್ದು ಬೇರೆ. ಆದರೆ ಹಳ್ಳಿಗಳಲ್ಲಿ ನಡೆಯುವುದೇನು? ಗಾಯಕ್ಕೆ ಮೆಣಸಿನ ಪುಡಿ, ಸುಣ್ಣ, ಅರಿಸಿನ, ಕಾಯಿಸಿದ ಎಣ್ಣೆ. ಆಮೇಲೆ ಮಂತ್ರ, ಅಂತ್ರ, ಪಕ್ಕದೂರಿನ ನಾಟಿ ಮದ್ದು, ಮೂರು ದಿನದ ಪಥ್ಯ. ಕಚ್ಚಿದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ರೋಗವೇ ಇರುವುದಿಲ್ಲವಾದುದರಿಂದ ಹೀಗೆ ಮಾಡಿಸಿಕೊಂಡವರಲ್ಲಿ ಅನೇಕರು ಬದುಕುತ್ತಾರೆ. ಬದುಕಿದವರು ಮದ್ದಿನ ಕೀರ್ತಿಯನ್ನು ಹಬ್ಬಿಸುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳುವಂತಿಲ್ಲ. ಮದ್ದು ಕೊಡುವವನು ಸಾಮಾನ್ಯವಾಗಿ ಮೋಸಗಾರನೂ ಅಲ್ಲ. ಅವನ ನಂಬಿಕೆಯೇ ಅವನಿಗೆ ಪ್ರಮಾಣವಾಗಿರುತ್ತದೆ.

ಆಸ್ಪತ್ರೆಯ ಭಯಕ್ಕೂ ಒಂದು ಇತಿಹಾಸವಿದೆ. 1885 ರ ಜುಲೈ 6 ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಹಾಕಿಸಿ ಬದುಕಿಸಿದನು. ಭಾರತದಲ್ಲಿ 1900 ರಲ್ಲಿ ಕಸೌಲಿಯಲ್ಲಿಯೂ 1907 ರಲ್ಲಿ ದಕ್ಷಿಣದ ಕೂನೂರಿನಲ್ಲಿಯೂ ಆತನ ಹೆಸರಿನ ಸಂಸ್ಥೆಗಳಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಈ ದೇಶದಲ್ಲಿ ಶತಮಾನದ ಹತ್ತಿರ ಹತ್ತಿರ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಅಜ್ಜಂದಿರು ಇಂದಿಗೂ ಮೊಮ್ಮಕ್ಕಳನ್ನು ಹೆದರಿಸುವುದು ಅದನ್ನೇ ನೆನೆದು. ಆ ಲಸಿಕೆಯಿಂದ ಕೆಲವರಿಗೆ ನರಗಳ ತೊಂದರೆಯೂ ಬರುತ್ತಿತ್ತು. 2004 ರ ಕೊನೆಗೆ ಅದರ ತಯಾರಿಕೆ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ, ನಾಲ್ಕೈದು ಭೇಟಿಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಸೂಜಿ ಹೋಗಿ ಇಪ್ಪತ್ತು ವರ್ಷ ದಾಟಿದರೂ ಅದರ ಭಯ ಹೋಗಿಲ್ಲ. ಆ ಭಯ ಹೋಗದಿರುವುದಕ್ಕೆ ಇನ್ನೂ ಒಂದು ಕಾರಣವುಂಟು. ನಾಲ್ಕು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವುದೆಂದರೆ ಕೂಲಿಯವನಿಗೆ ನಾಲ್ಕು ದಿನದ ಕೂಲಿ ಹೋದಂತೆ. ಗಾಯದೊಳಕ್ಕೆ ಕೊಡುವ ಪ್ರತಿವಿಷವಂತೂ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಸದಾ ಸಿಕ್ಕುವ ವಸ್ತುವಲ್ಲ.

ಮೂಲ ಪ್ರಶ್ನೆಯ ನಿಜವಾದ ತೂಕ ಇಲ್ಲಿ ಕಾಣುತ್ತದೆ. ರೊಟ್ಟಿ ಹಾಕಿದವರು ಒಬ್ಬರು, ಕಚ್ಚಿಸಿಕೊಂಡವರು ಮತ್ತೊಬ್ಬರು. ಗೇಟಿನೊಳಗೆ ವಾಹನವೇರಿ ಗೇಟಿನೊಳಗೇ ಇಳಿಯುವವರನ್ನು ನಾಯಿ ಕಚ್ಚುವುದು ಅಪರೂಪ. ನಸುಕಿನಲ್ಲಿ ಹೊಲಕ್ಕೆ ಹೊರಟವನು, ಬಯಲಲ್ಲಿ ಮಲಗುವ ಕುರಿಗಾಹಿ, ಕಸ ಆಯುವ ಹೆಂಗಸು, ಎರಡು ಮೈಲಿ ನಡೆದು ಶಾಲೆ ಸೇರುವ ಮಗು, ಇವರೇ ಅದರ ಬಾಯಿಗೆ ಸಿಕ್ಕುವವರು. ಒಬ್ಬರ ದಯೆಯ ಬೆಲೆಯನ್ನು ಮತ್ತೊಬ್ಬರು, ಅದೂ ಬಡವರು, ತೆರಬೇಕಾಗಿ ಬಂದರೆ ಆ ದಯೆಯಲ್ಲಿ ಏನೋ ಕೊರತೆಯಿದೆಯೆಂದೇ ಹೇಳಬೇಕು. ಶರಣರು ದಾಸೋಹವೆಂದುದು ಕೊಡುವವನ ಮನಸ್ಸಿನ ತೃಪ್ತಿಗೆ ಸಂಬಂಧಿಸಿದುದಲ್ಲ. ಕೊಟ್ಟುದು ಯಾರನ್ನು ಮುಟ್ಟಿತು, ಮುಟ್ಟಿ ಏನಾಯಿತು ಎಂಬುದರವರೆಗೆ ಅದರ ವ್ಯಾಪ್ತಿ. ತನ್ನ ಅಂಗಳದಲ್ಲಿ ಮುಗಿದುಹೋಗುವ ಕೊಡುಗೆಯನ್ನು ಅವರು ಆ ಹೆಸರಿನಿಂದ ಕರೆದಿರಲಾರರು.

"ಹಾಗಾದರೆ ಅನ್ನ ಹಾಕುವುದನ್ನೇ ನಿಲ್ಲಿಸಿಬಿಡೋಣ" ಎನ್ನುವವರುಂಟು. ಅದಕ್ಕೂ ಮುಂದೆ ಹೋಗಿ ನಾಯಿಗಳನ್ನೇ ಇಲ್ಲವಾಗಿಸಬೇಕೆನ್ನುವವರೂ ಉಂಟು. ಈ ಎರಡನೆಯ ಮಾತು ಮಗುವನ್ನು ಕಳೆದುಕೊಂಡ ತಂದೆಯ ಬಾಯಿಂದ ಬಂದರೆ ಅವನನ್ನು ಕ್ರೂರಿಯೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ. ಆದರೂ ಮಾತನ್ನು ಪರೀಕ್ಷಿಸಲೇಬೇಕು. ಊರಿನಲ್ಲಿ ಹುಚ್ಚುನಾಯಿಯ ಸುದ್ದಿ ಹಬ್ಬಿದಾಗ ರೊಟ್ಟಿಯಲ್ಲಿ ವಿಷವಿಟ್ಟು ಹಾಕುವುದು ಹಿಂದಿನಿಂದ ನಡೆದುಬಂದ ಕ್ರಮ. ಈಗ ಕಾನೂನಿನ ಸಮ್ಮತಿ ಇಲ್ಲದ್ದು. ಆ ರೊಟ್ಟಿಯನ್ನು ತಿನ್ನಲು ಮೊದಲು ಬರುವ ನಾಯಿ ಯಾವುದು? ಕರೆದರೆ ಬರುವುದು, ಮನುಷ್ಯನ ಕೈಯನ್ನು ನಂಬಿದುದು. ರೋಗ ಹತ್ತಿದ ನಾಯಿಗೆ ನುಂಗುವುದೇ ಕಷ್ಟ, ಅದು ವಿಷದ ರೊಟ್ಟಿಯ ಕಡೆಗೆ ತಿರುಗಿಯೂ ನೋಡಲಾರದು. ಸಾಧುಗಳಾದವು ಸಾಯುತ್ತವೆ, ಬೆದರಿದವು ಉಳಿಯುತ್ತವೆ. ತೆರವಾದ ಕೇರಿಗೆ ಪಕ್ಕದೂರಿನ ನಾಯಿಗಳು ನುಗ್ಗುತ್ತವೆ. ಉಳಿದವು ಎರಡೇ ವರ್ಷದಲ್ಲಿ ಮರಿ ಹಾಕಿ ಹಿಂದಿನ ಸಂಖ್ಯೆಯನ್ನು ಮುಟ್ಟುತ್ತವೆ. ಲಸಿಕೆ ಪಡೆದಿದ್ದ ನಾಯಿಗಳೂ ಜೊತೆಗೆ ಸತ್ತಿದ್ದರೆ, ಇದ್ದ ಗೋಡೆಯನ್ನು ಊರಿನವರೇ ಕೆಡವಿದಂತಾಯಿತು. ನಾಯಿಗೆ ಬಂದಿರುವುದು ರೋಗ, ಹಗೆಯಲ್ಲ. ಅದು ತಾನು ಬಯಸಿ ಯಾರನ್ನೂ ಕೊಲ್ಲಹೊರಟಿಲ್ಲ. ನಂಬಿಸಿದ ಕೈಯಿಂದಲೇ ವಿಷವನ್ನು ಕೊಟ್ಟವನ ಸ್ಥಿತಿ ಅದಲ್ಲ.

ನಾಯಿಯ ಬಗೆಗೆ ಈ ನಾಡಿನ ಮನಸ್ಸು ಒಂದೇ ತೆರನಾಗಿದ್ದುದಿಲ್ಲ. ವಚನಗಳಲ್ಲಿ ಅದು ಬಹುಮಟ್ಟಿಗೆ ಚಪಲ ಮನಸ್ಸಿಗೆ ಹೋಲಿಕೆಯಾಗಿ ಬರುತ್ತದೆ. ಬೈಗುಳಿನಲ್ಲಿ ಅದರ ಹೆಸರಿಲ್ಲದ ಊರಿಲ್ಲ. ಇತ್ತ ಮೈಲಾರಲಿಂಗನ ಪರಿವಾರದಲ್ಲಿ ಅದಕ್ಕೆ ಸ್ಥಾನವಿದೆ, ಗೊರವರು ಅದರ ದನಿಯಲ್ಲಿಯೇ ಬೊಗಳಿ ದೋಣಿಯಲ್ಲಿ ಉಣ್ಣುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, 949-50 ರ ಕಾಲದ ಶಾಸನವಂತೂ ಪ್ರಸಿದ್ಧವೇ ಆಗಿದೆ. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಬೇರೇನನ್ನೂ ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು, ತಾನೂ ಸತ್ತಿತು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಸತ್ತ ನಾಯಿಗೆ ಭೂಮಿ ಬಿಟ್ಟ ನಾಡಿನಲ್ಲಿ ಬದುಕಿರುವ ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸಲು ಯಾರೂ ಇಲ್ಲದಿರುವುದು ವಿಚಿತ್ರವೇ ಸರಿ.

ವರ್ಷಕ್ಕೊಂದು ಸೂಜಿ ಎಂಬ ಮಾತು ಅಲಂಕಾರಕ್ಕೆ ಹೇಳಿದುದಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಹತ್ತಕ್ಕೆ ಏಳಕ್ಕೆ ವರ್ಷವರ್ಷವೂ ಲಸಿಕೆ ಬಿದ್ದರೆ ರೋಗ ಒಂದರಿಂದ ಮತ್ತೊಂದಕ್ಕೆ ಹಬ್ಬುವ ಸರಪಳಿ ಕಡಿಯುತ್ತದೆ. ನಾಯಿಗಳಲ್ಲಿ ರೋಗ ನಿಂತರೆ ಮನುಷ್ಯರಲ್ಲಿ ತಾನಾಗಿ ನಿಲ್ಲುತ್ತದೆ. ಲ್ಯಾಟಿನ್ ಅಮೆರಿಕದ ದೇಶಗಳು 1983 ರಿಂದ ಒಟ್ಟುಗೂಡಿ ಇದನ್ನು ಮಾಡಿ ತೋರಿಸಿದವು. 2019 ರಲ್ಲಿ ಮೆಕ್ಸಿಕೋ ದೇಶ, ನಾಯಿಯಿಂದ ಮನುಷ್ಯನಿಗೆ ಬರುವ ರೇಬಿಸಿನ ಸಾವು ತನ್ನಲ್ಲಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯನ್ನು ಪಡೆದ ಮೊದಲ ದೇಶವಾಯಿತು. ದೂರದ ಉದಾಹರಣೆ ಬೇಡವೆನ್ನುವವರಿಗೆ ನೆರೆಯ ಗೋವೆಯೇ ಇದೆ. ಅಲ್ಲಿ 2013 ರಿಂದ ಒಂದು ಸೇವಾಸಂಸ್ಥೆಯೂ ಸರ್ಕಾರವೂ ಕೂಡಿ ಊರೂರಿನ ನಾಯಿಗಳನ್ನು ಬಲೆಯಿಂದಲೂ ಕೈಯಿಂದಲೂ ಹಿಡಿದು ವರ್ಷಕ್ಕೆ ಲಕ್ಷದ ಸುಮಾರಿಗೆ ಲಸಿಕೆ ಹಾಕತೊಡಗಿದವು. ಶಾಲೆಯ ಮಕ್ಕಳಿಗೆ ಪಾಠ ಹೇಳಿದವು. ಹುಚ್ಚುನಾಯಿಯ ಸುದ್ದಿ ಬಂದ ಕೂಡಲೆ ಓಡುವ ಏರ್ಪಾಡನ್ನು ಮಾಡಿದವು. 2018 ರಿಂದ ಮೊದಲಾಗಿ ಹಲವು ವರ್ಷ ಅಲ್ಲಿ ಮನುಷ್ಯರ ಸಾವೊಂದೂ ವರದಿಯಾಗಲಿಲ್ಲ. 2021 ರಲ್ಲಿ ಅದು ರೇಬಿಸ್ ಹತೋಟಿಗೆ ಬಂದ ರಾಜ್ಯವೆಂದು ಘೋಷಿತವಾಯಿತು. ಅದೇ 2021 ರಲ್ಲಿ ಕೇಂದ್ರ ಸರ್ಕಾರವೂ 2030 ರ ಹೊತ್ತಿಗೆ ನಾಯಿಯಿಂದ ಬರುವ ಈ ರೋಗವನ್ನು ದೇಶದಿಂದ ಹೋಗಲಾಡಿಸುವ ಕಾರ್ಯಯೋಜನೆಯನ್ನು ಹೊರಡಿಸಿತು. ಯೋಜನೆಯ ಕಾಗದ ದೆಹಲಿಯಲ್ಲಿದೆ, ನಾಯಿ ಹಳ್ಳಿಯಲ್ಲಿದೆ; ನಡುವಿನ ದಾರಿ ದೂರ.

ಆ ದಾರಿಯಲ್ಲಿ ಸಿಕ್ಕುವವನು ಪಶುವೈದ್ಯ. ಐದು ಸಾವಿರ ದನಗಳಿಗೆ ಒಬ್ಬ ಪಶುವೈದ್ಯನಾದರೂ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976 ರಲ್ಲಿಯೇ ಹೇಳಿತು. ಆ ಪ್ರಮಾಣವನ್ನು ಮುಟ್ಟದ ಪ್ರದೇಶಗಳು ಇಂದಿಗೂ ಬೇಕಾದಷ್ಟಿವೆ. ಹೋಬಳಿಯ ದನದ ದವಾಖಾನೆಯಲ್ಲಿರುವ ಒಬ್ಬನೇ ವೈದ್ಯ ಎಮ್ಮೆಯ ಹೆರಿಗೆಗೂ, ಕಾಲುಬಾಯಿ ಬೇನೆಯ ಲಸಿಕೆಗೂ, ಕುರಿಯ ಹಿಂಡಿನ ಜಂತಿನ ಮದ್ದಿಗೂ ಓಡಬೇಕು. 1962 ಎಂಬ ಸಂಖ್ಯೆಗೆ ಕರೆದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು ಈಚೆಗೆ ಬಂದಿರುವುದು ಒಳ್ಳೆಯದಾಯಿತು. ಆದರೆ ಕರೆಯುವುದು ಯಾರು? ಹಾಲು ಕೊಡುವ ಎಮ್ಮೆಗಾದರೆ ಕರೆಯುತ್ತಾರೆ. ಬೀದಿಯ ನಾಯಿಗೆ ಕರೆ ಮಾಡುವ ಮನೆ ಯಾವುದು?

ದನಕ್ಕೂ ನಾಯಿಗೂ ಇರುವ ನಂಟನ್ನು ರೈತ ಅರಿಯದೆ ಹೋಗುವುದರಿಂದ ಆಗುವ ಅಪಾಯ ಮತ್ತೊಂದುಂಟು. ರಾತ್ರಿ ಕೊಟ್ಟಿಗೆಯಲ್ಲಿ ಹುಚ್ಚುನಾಯಿ ಕಚ್ಚಿಹೋದ ಹಸು ಕೆಲವು ವಾರಗಳ ಮೇಲೆ ಮೇವು ಬಿಡುತ್ತದೆ, ಬಿಡದೆ ಕೂಗುತ್ತದೆ, ಬಾಯಿಂದ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಗೆದ ಯಜಮಾನ ಮೊಣಕೈಯವರೆಗೆ ಕೈ ಹಾಕಿ ನೋಡುತ್ತಾನೆ. ಮಗುವಿನಂತೆ ಸಾಕಿದ ಹಸುವಿನ ಸಂಕಟವನ್ನು ನೋಡಲಾರದೆ ಮಾಡಿದ ಕೆಲಸವದು. ಆ ಕೈಯಲ್ಲಿ ಒಂದು ಸಣ್ಣ ಗೀರಿದ್ದರೂ ಅವನ ಜೀವಕ್ಕೆ ಗಂಡಾಂತರ. ಮೇವು ಬಿಟ್ಟು ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕತಕ್ಕದ್ದಲ್ಲವೆಂಬ ಒಂದು ಮಾತು ಗೊತ್ತಿದ್ದರೆ ಸಾಕಾಗಿತ್ತು. ಇದಕ್ಕೆ ತಿರುಗು ಮುರುಗಾಗಿ, ಅಂಥ ಹಸುವಿನ ಹಾಲು ಬೆರೆತಿತ್ತೆಂದು ತಿಳಿದು ಇಡೀ ಊರು ದಿಗಿಲುಗೊಂಡು ಆಸ್ಪತ್ರೆಗೆ ಓಡುವುದೂ ಉಂಟು. ಕಾಸಿದ ಹಾಲಿನಲ್ಲಿ ಈ ರೋಗಾಣು ಬದುಕದು. ಭಯಪಡಬೇಕಾದಲ್ಲಿ ಪಡದೆ, ಪಡಬೇಕಿಲ್ಲದಲ್ಲಿ ಪಡುವುದು ಅರಿವಿನ ಕೊರತೆಯಲ್ಲದೆ ದಯೆಯ ಕೊರತೆಯಲ್ಲ.

ಅರಿವು ಮತ್ತು ಆಚಾರ ಕೂಡಿರಬೇಕೆಂದು ಶರಣಧರ್ಮ ಒತ್ತಿ ಹೇಳಿದುದನ್ನು ಈ ಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅರಿವಿಲ್ಲದ ದಯೆ ಎಷ್ಟು ದೂರದವರೆಗೆ ಕೇಡನ್ನು ಒಯ್ಯಬಹುದೆಂಬುದಕ್ಕೆ ರಣಹದ್ದುಗಳ ಕಥೆಯಂಥ ನಿದರ್ಶನ ಮತ್ತೊಂದಿಲ್ಲ. ನೋವಿನಿಂದ ನರಳುವ ದನಗಳಿಗೆ 1990 ರ ದಶಕದಲ್ಲಿ ಡೈಕ್ಲೋಫೆನಾಕ್ ಎಂಬ ಅಗ್ಗದ ನೋವಿನ ಮದ್ದು ಹಳ್ಳಿಹಳ್ಳಿಗೂ ಬಂದಿತು. ಮೂಕಪ್ರಾಣಿಯ ನೋವು ತಗ್ಗಿತು, ಕೊಡಿಸಿದವನಿಗೆ ಸಮಾಧಾನವಾಯಿತು. ಆ ಮದ್ದಿನ ಅಂಶ ಉಳಿದ ದನ ಸತ್ತಾಗ ಅದರ ಹೆಣವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಗುಂಪುಗುಂಪಾಗಿ ಸತ್ತವು. 1992 ರಿಂದ 2007 ರ ಒಳಗೆ, ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದು ಉಳಿಯಿತೆಂದು ಗಣತಿ ಹೇಳುತ್ತದೆ. ಸಾವಿಗೆ ಕಾರಣ ಈ ಮದ್ದೇ ಎಂದು ಗೊತ್ತಾದುದು 2004 ರಲ್ಲಿ. ದನಗಳಿಗೆ ಅದರ ಬಳಕೆಯನ್ನು ಭಾರತ ನಿಲ್ಲಿಸಿದುದು 2006 ರಲ್ಲಿ. ಅಷ್ಟರೊಳಗೆ ಊರಾಚೆಯ ಹೆಣಗಳನ್ನು ತಿನ್ನುವವರಿಲ್ಲದೆ ಅದು ನಾಯಿಗಳ ಪಾಲಾಯಿತು. ಹದ್ದು ಕಡಮೆಯಾದಷ್ಟೂ ನಾಯಿ ಹೆಚ್ಚಿತು, ನಾಯಿ ಹೆಚ್ಚಿದಷ್ಟೂ ಕಡಿತ ಹೆಚ್ಚಿತೆಂದು ಲೆಕ್ಕ ಹಾಕಿದವರು ತೋರಿಸಿದ್ದಾರೆ. ರಾಮನಗರದ ರಾಮದೇವರ ಬೆಟ್ಟವನ್ನು 2012 ರಲ್ಲಿ ರಣಹದ್ದುಗಳ ಧಾಮವನ್ನಾಗಿ ಮಾಡಿದಾಗ ಅಲ್ಲಿ ಉಳಿದಿದ್ದವು ಅತ್ಯಲ್ಪ. ಎತ್ತಿನ ಕಾಲುನೋವಿಗೆ ಕೊಟ್ಟ ಮದ್ದು ಯಾವುದೋ ಊರಿನ ಕೂಸಿನ ಕೈಯ ಗಾಯವಾಗಿ ಕಾಣಿಸಿಕೊಳ್ಳಬಹುದೆಂದು ಮದ್ದು ಕೊಡಿಸಿದ ರೈತನು ಹೇಗೆ ತಿಳಿದಾನು? ಅವನದು ತಪ್ಪಲ್ಲ. ಆದರೆ ತಿಳಿದ ಮೇಲೆ, ಹದ್ದಿಗೆ ಕೇಡಿಲ್ಲದ ಮೆಲೋಕ್ಸಿಕಾಮ್ ಎಂಬ ಮದ್ದು ಅದೇ ಅಂಗಡಿಯಲ್ಲಿ ಸಿಕ್ಕುವಾಗಲೂ ಹಳೆಯದನ್ನೇ ಕೇಳಿದರೆ ಅಲ್ಲಿಂದ ಮುಂದೆ ತಪ್ಪು.

ಮಗು ಸತ್ತ ಮನೆಯಲ್ಲಿ "ಆಯುಷ್ಯ ಅಷ್ಟೇ ಇತ್ತು" ಎನ್ನುವ ಮಾತು ಕೇಳಿಬರುತ್ತದೆ. ದುಃಖದಲ್ಲಿ ಅದು ಊರುಗೋಲು, ಅದನ್ನು ಕಸಿಯಬಾರದು. ಆದರೆ ಸಾವಿಗೆ ಮೊದಲು ಆ ಮಾತನ್ನು ಆಡುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಸಾಬೂನಿನಿಂದ ತೊಳೆದಿದ್ದರೆ, ಮರುದಿನವೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ತಪ್ಪುತ್ತಿದ್ದ ಸಾವನ್ನು ಹಣೆಬರಹದ ಮೇಲೆ ಹೊರಿಸುವುದು, ಕಾಯಕವನ್ನು ನಂಬಿದವರ ಮಾತಾಗಲಾರದು.

ಇಷ್ಟು ಹೇಳಿದ ಮೇಲೆ ಮೊದಲಿನ ಆಕ್ಷೇಪ ಮತ್ತೆ ಎದ್ದು ನಿಲ್ಲುತ್ತದೆ. ಲಸಿಕೆ ಹಾಕುವುದು ಸರ್ಕಾರದ ಕೆಲಸ. ರೊಟ್ಟಿ ಹಾಕಿದ ಮುದುಕಿಗೂ ಅದಕ್ಕೂ ಏನು ಸಂಬಂಧ? ಇದಕ್ಕೆ ಉತ್ತರವನ್ನು ಶಾಸ್ತ್ರದಲ್ಲಿ ಹುಡುಕುವುದಕ್ಕಿಂತ ಲಸಿಕೆ ಹಾಕುವವನನ್ನು ಕೇಳುವುದು ಮೇಲು. ಪ್ರತಿ ವರ್ಷ ಸೆಪ್ಟೆಂಬರ್ 28 ರಂದು, ಪಾಶ್ಚರನು ತೀರಿಕೊಂಡ ದಿನ, ವಿಶ್ವ ರೇಬಿಸ್ ದಿನವೆಂದು ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ. ಅಲ್ಲಿಗೆ ಬರುವುದು ಕೊರಳಿಗೆ ಪಟ್ಟಿಯಿರುವ, ಹೆಸರಿರುವ ನಾಯಿಗಳು. ಬೀದಿಯ ನಾಯಿ ತಾನಾಗಿ ಬರುವುದಿಲ್ಲ. ವೈದ್ಯನೇ ಕೇರಿಗೆ ಹೋದರೆ ಹೊಸಬನ ವಾಸನೆಗೆ ಅದು ಓಡುತ್ತದೆ. ಬಲೆ ಬೀಸಿದರೆ ಒಂದು ಸಿಕ್ಕಿ ಹತ್ತು ತಪ್ಪಿಸಿಕೊಳ್ಳುತ್ತವೆ, ತಪ್ಪಿಸಿಕೊಂಡವು ಮರುವರ್ಷ ವಾಹನದ ಸದ್ದಿಗೇ ಊರು ಬಿಡುತ್ತವೆ. ಆದರೆ ಹಿತ್ತಲಲ್ಲಿ ರೊಟ್ಟಿ ಹಾಕುವ ಮುದುಕಿ ಬಾಗಿಲಿಗೆ ಬಂದು ಒಮ್ಮೆ ಕರೆದರೆ ಅದೇ ನಾಯಿ ಬಾಲವಾಡಿಸುತ್ತ ಬರುತ್ತದೆ. ಆಕೆ ರೊಟ್ಟಿ ಹಿಡಿದು ಅದರ ತಲೆಯ ಮೇಲೆ ಕೈಯಿಟ್ಟು ನಿಂತರೆ, ಹಿಂದಿನಿಂದ ಬಂದ ವೈದ್ಯನ ಸೂಜಿ ಕ್ಷಣದಲ್ಲಿ ಮುಗಿದಿರುತ್ತದೆ. ಸರ್ಕಾರದ ಬಳಿ ಲಸಿಕೆಯಿದೆ, ವೈದ್ಯನ ಬಳಿ ಸೂಜಿಯಿದೆ. ನಾಯಿಯ ನಂಬಿಕೆ ಮಾತ್ರ ಇವರಿಬ್ಬರ ಬಳಿಯೂ ಇಲ್ಲ. ಅದನ್ನು ವರ್ಷಗಟ್ಟಲೆ ಒಂದೊಂದು ರೊಟ್ಟಿಯಿಂದ ಗಳಿಸಿಟ್ಟವಳು ಆಕೆ.

ಆದುದರಿಂದ ಅನ್ನ ಹಾಕಿದುದು ತಪ್ಪಾಗಲಿಲ್ಲ, ವ್ಯರ್ಥವೂ ಆಗಲಿಲ್ಲ. ಹೊಣೆ ಹುಟ್ಟಿದುದು ಅದರಿಂದಲೇ. ಆ ಹೊಣೆಯನ್ನು ಹೊರುವ ಸಾಮರ್ಥ್ಯ ಹುಟ್ಟಿದುದೂ ಅದರಿಂದಲೇ. ಒಂದು ಕೇರಿಯಲ್ಲಿ ಯಾವ ನಾಯಿ ಯಾವ ಬಾಗಿಲಲ್ಲಿ ಉಣ್ಣುತ್ತದೆಂಬುದು ಪಂಚಾಯಿತಿಯ ಯಾವ ದಫ್ತರದಲ್ಲಿಯೂ ಇಲ್ಲ, ಆ ಕೇರಿಯ ಹೆಂಗಸರಿಗೆ ಗೊತ್ತು. ಅವರು ಕುಳಿತು ಒಂದು ಪಟ್ಟಿಯನ್ನು ಹೇಳಿದರೆ, ಶಾಲೆಯ ಹುಡುಗನೊಬ್ಬ ಬರೆದುಕೊಂಡರೆ, ಜಾತ್ರೆಗೆ ಮುಂಚೆ ಒಂದು ದಿನ ಮಠದ ಅಂಗಳದಲ್ಲಿಯೋ ಶಾಲೆಯ ಬಯಲಿನಲ್ಲಿಯೋ ಪಶುವೈದ್ಯನನ್ನು ಬರಮಾಡಿಕೊಂಡರೆ, ಅರ್ಧ ದಿನದ ಕೆಲಸ. ಹೆಣ್ಣುನಾಯಿಗಳಿಗೆ ಸಂತಾನಶಕ್ತಿಹರಣ ಚಿಕಿತ್ಸೆಯ ಏರ್ಪಾಡು ತಾಲ್ಲೂಕಿನಲ್ಲಿದ್ದರೆ ಅದನ್ನೂ ಸೇರಿಸಿಕೊಳ್ಳಬಹುದು. ಅದಕ್ಕೆ ಹೆಚ್ಚಿನ ಖರ್ಚೂ ತಜ್ಞರೂ ಬೇಕಾದುದರಿಂದ ಅದಿಲ್ಲವೆಂದು ಲಸಿಕೆಯನ್ನು ನಿಲ್ಲಿಸುವುದು ಬೇಡ. ಲಸಿಕೆ ಬಿದ್ದ ನಾಯಿಯ ಬೆನ್ನಿಗೆ ಬಣ್ಣದ ಗುರುತು ಹಾಕಿದರೆ ಸಂಜೆಗೆ ಎಣಿಸುವುದು ಸುಲಭ: ಹತ್ತರಲ್ಲಿ ಏಳು ಆದವೆ, ಇಲ್ಲವೆ?

ಆಗದೆ ಉಳಿದ ಮೂರರ ಬಗೆಗೆ ಆ ದಿನವೇ ಚಿಂತಿಸಬೇಕಾದುದಿಲ್ಲ. ಆದರೆ ಬೀದಿಯ ನಾಯಿಗಳ ಆಯುಷ್ಯ ಗಿಡ್ಡ, ಸಂತಾನ ಬಹಳ. ಈ ವರ್ಷ ಬಣ್ಣ ಹಚ್ಚಿಸಿಕೊಂಡವುಗಳಲ್ಲಿ ಹಲವು ಮುಂದಿನ ಜಾತ್ರೆಯ ಹೊತ್ತಿಗೆ ಇರುವುದಿಲ್ಲ; ಕಾರ್ತಿಕದಲ್ಲಿ ಹುಟ್ಟುವ ಮರಿಗಳ ಹೆಸರು ಈ ವರ್ಷದ ಪಟ್ಟಿಯಲ್ಲಿಲ್ಲ. ಅವು ಯಾರ ಹಿತ್ತಲಿನ ಕಟ್ಟಿಗೆಯ ಮರೆಯಲ್ಲಿ ಕಣ್ಣು ಬಿಟ್ಟಿವೆಯೆಂಬುದು ರೊಟ್ಟಿ ಹಾಕುವ ಮನೆಯವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.